ಲೈನ್‌ಮನ್ ಜೀವವೂ ಉಳಿಯಲಿ, ರೈತನ ಹಣವೂ ಉಳಿಯಲಿ

ಮನೆಯ ತಾರಸಿಗೆ ಸೌರ ಫಲಕ ಹಾಕಿಸುವುದು ಈಗ ಪೇಟೆಯವರ ಶೋಕಿಯಾಗಿ ಉಳಿದಿಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000 ರೂ., 2 ಕಿಲೋವ್ಯಾಟಿಗೆ 60,000 ರೂ., 3 ಕಿಲೋವ್ಯಾಟ್ ಮತ್ತು ಅದಕ್ಕೂ ಮೇಲ್ಪಟ್ಟದ್ದಕ್ಕೆ 78,000 ರೂ. ಸಹಾಯಧನ ಗೊತ್ತುಮಾಡಲಾಗಿದೆ. ಹಳ್ಳಿಗಳಲ್ಲಿಯೂ ಅನುಕೂಲವಿರುವ ರೈತರು ಇದರತ್ತ ಮನಸ್ಸು ಮಾಡುತ್ತಿದ್ದಾರೆ. ಸಂತೋಷದ ಸಂಗತಿಯೇ.

ಆದರೆ ಹಾಕಿಸಿದ ಮೇಲೆ ಮೊದಲ ಸಲ ಕರೆಂಟು ಹೋದ ದಿನ ಅನೇಕರಿಗೆ ದಿಗ್ಭ್ರಮೆಯಾಗುತ್ತದೆ. ತಲೆಯ ಮೇಲೆ ಸುಡುಬಿಸಿಲು; ತಾರಸಿಯ ಮೇಲೆ ಲಕ್ಷಗಟ್ಟಲೆ ಬೆಲೆಯ ಫಲಕ; ಮನೆಯೊಳಗೆ ಮಾತ್ರ ಫ್ಯಾನು ತಿರುಗುವುದಿಲ್ಲ. ಕೇಳಿದರೆ, "ಲೈನಿನಲ್ಲಿ ಕರೆಂಟು ಇದ್ದರೆ ಮಾತ್ರ ಇದು ನಡೆಯುವುದು" ಎಂಬ ಉತ್ತರ ಬರುತ್ತದೆ. ಈ ಮಾತನ್ನು ಹಣ ಎಣಿಸಿಕೊಳ್ಳುವ ಮುನ್ನ ಏಕೆ ಹೇಳಲಿಲ್ಲ ಎಂಬುದು ರೈತನ ಪ್ರಶ್ನೆ. ಆಮೇಲೆ ಬ್ಯಾಟರಿ ಸೇರಿಸೋಣವೆಂದರೆ ಹೊಸ ತೊಡಕು: ಯಂತ್ರ ಬೇರೆ, ಕಾಗದ ಬೇರೆ, ಅನುಮತಿ ಬೇರೆ. ಇದರಿಂದ ಬೇಸತ್ತು ಕೆಲವರು ಪರಿಚಯದ ವೈರ್‌ಮನ್ನನ್ನು ಕರೆಸಿ ತಮಗೆ ತೋಚಿದಂತೆ ಜೋಡಿಸಿಕೊಳ್ಳುತ್ತಾರೆ. ಅಪಾಯ ಹುಟ್ಟುವುದು ಅಲ್ಲಿ.

ನಾನು ಹೇಳಬೇಕೆಂದಿರುವುದು ಎರಡೇ ಮಾತು. ಕರೆಂಟು ಹೋದಾಗ ಲೈನಿಗೆ ಜೋಡಿಸಿದ ಯಂತ್ರ ಲೈನಿನಿಂದ ಕಳಚಿಕೊಳ್ಳಲೇಬೇಕೆಂಬ ನಿಯಮ ಸರಿಯಾದ್ದು. ಅದನ್ನು ಸಡಿಲಿಸಬೇಕೆಂದು ಯಾರೂ ಕೇಳಬಾರದು. ಆದರೆ ಆ ನಿಯಮ ಪಾಲಿಸಿ ಬ್ಯಾಟರಿ ಇಟ್ಟುಕೊಳ್ಳುವ ದಾರಿ, ಪಾಲಿಸದೆ ಇಟ್ಟುಕೊಳ್ಳುವ ದಾರಿಗಿಂತ ಸುಲಭವಾಗಿರಬೇಕು. ಇಂದು ಅದು ತಿರುಗುಮುರುಗಾಗಿದೆ.

ಮೂರು ಬಗೆಯ ಯಂತ್ರಗಳು

ಮೊದಲು ಯಂತ್ರಗಳ ಭೇದ ತಿಳಿದುಕೊಳ್ಳುವುದು ಒಳ್ಳೆಯದು. ಎಲ್ಲವನ್ನೂ ನಾವು ಇನ್ವರ್ಟರ್ ಎಂದೇ ಕರೆಯುವುದರಿಂದ ಅರ್ಧ ಗೊಂದಲ ಅಲ್ಲಿಯೇ ಹುಟ್ಟಿಕೊಳ್ಳುತ್ತದೆ.

ಮೊದಲನೆಯದು ನಾವೆಲ್ಲ ಬಲ್ಲ ಯು.ಪಿ.ಎಸ್. ಒಂದು ಪೆಟ್ಟಿಗೆ, ಪಕ್ಕದಲ್ಲಿ 150 ಎ.ಎಚ್. ಟ್ಯೂಬುಲರ್ ಬ್ಯಾಟರಿ. ಲೈನಿನಲ್ಲಿ ಕರೆಂಟು ಇರುವಾಗ ಬ್ಯಾಟರಿ ತುಂಬಿಕೊಳ್ಳುತ್ತದೆ. ಹೋದಾಗ ಒಳಗಿನ ರಿಲೇ ಲೈನನ್ನು ಕಳಚಿ ಮನೆಗೆ ಬ್ಯಾಟರಿಯಿಂದ ಕೊಡುತ್ತದೆ. ಇದು ಲೈನಿನ ಜತೆ ಸೇರಿ ಓಡುವುದಿಲ್ಲ. ಲೈನಿಗೆ ಕರೆಂಟು ಕಳಿಸುವ ಉದ್ದೇಶವೂ ಇದಕ್ಕಿಲ್ಲ.

ಎರಡನೆಯದು ಸಹಾಯಧನದ ಯೋಜನೆಗಳಲ್ಲಿ ಹೆಚ್ಚಾಗಿ ಬರುವ, ಬ್ಯಾಟರಿಯಿಲ್ಲದ ಲೈನ್ ಜೋಡಣೆಯ ಇನ್ವರ್ಟರ್. ಇದು ಲೈನಿನ ಅಲೆಯನ್ನು ನೋಡಿಕೊಂಡು ಅದರೊಡನೆ ಹೆಜ್ಜೆ ಹಾಕುತ್ತದೆ. ಮನೆಗೆ ಬೇಕಾದ್ದು ಮನೆಗೆ, ಮಿಕ್ಕಿದ್ದು ಲೈನಿಗೆ. ಲೈನು ಸತ್ತರೆ ಇದೂ ನಿಲ್ಲುತ್ತದೆ.

ಮೂರನೆಯದು ಹೈಬ್ರಿಡ್. ಇದಕ್ಕೆ ಫಲಕವೂ ಉಂಟು, ಬ್ಯಾಟರಿಯೂ ಉಂಟು, ಲೈನೂ ಉಂಟು. ಕರೆಂಟು ಇರುವಾಗ ಎರಡನೆಯದರಂತೆ ಲೈನಿನೊಡನೆ ಓಡುತ್ತದೆ. ಹೋದಾಗ ಲೈನನ್ನು ಪೂರ್ತಿ ಕಳಚಿ, ಬೇರೆ ತಂತಿಯ ಮೂಲಕ ಮನೆಯ ಆಯ್ದ ಭಾಗಕ್ಕೆ ಮಾತ್ರ ಕೊಡುತ್ತದೆ. ರೈತನಿಗೆ ನಿಜವಾಗಿ ಬೇಕಾದದ್ದು ಇದೇ. ತಂಟೆಯಿರುವುದೂ ಇದರಲ್ಲಿಯೇ. ಇನ್ನೊಂದು ಮಾತು: ಸೂರ್ಯಘರ್ ಸಹಾಯಧನ ಫಲಕದ ಕಿಲೋವ್ಯಾಟ್ ಲೆಕ್ಕಕ್ಕೆ, ಬ್ಯಾಟರಿಯ ಖರ್ಚು ಪೂರ್ತಿ ನಿಮ್ಮದೇ.

ನಿಲ್ಲಲೇಬೇಕು ಏಕೆ?

ಊರಿನ ಟಿ.ಸಿ. 11,000 ವೋಲ್ಟನ್ನು 433 ವೋಲ್ಟಿಗೆ ಇಳಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದು ಎರಡೂ ಕಡೆ ಕೆಲಸ ಮಾಡುವ ಯಂತ್ರ ಎಂಬುದನ್ನು ಅನೇಕರು ಮರೆಯುತ್ತಾರೆ. ಮನೆಯ ಕಡೆಯಿಂದ 230 ವೋಲ್ಟ್ ನುಗ್ಗಿದರೆ ಆಚೆ ಕಡೆಯ ತಂತಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಲೈನ್ ಕ್ಲಿಯರ್ ತೆಗೆದುಕೊಂಡು ಕಂಬ ಹತ್ತಿದ ಲೈನ್‌ಮನ್‌ಗೆ ಸಬ್‌ಸ್ಟೇಷನ್ ಕಡೆಯಿಂದ ಬರುವ ಕರೆಂಟು ನಿಂತಿರುವುದು ಗೊತ್ತು. ಯಾರದೋ ಮನೆಯ ಜಗಲಿಯಿಂದ ಬರುವ ಕರೆಂಟು ಗೊತ್ತಿರುವುದಿಲ್ಲ. ತಂತಿಗಳನ್ನು ಅರ್ಥ್ ಮಾಡಿಕೊಂಡೇ ಕೆಲಸಕ್ಕಿಳಿಯಬೇಕೆಂಬ ನಿಯಮ ಅವರಿಗೂ ಇದೆ. ಆದರೆ ಮಳೆಗಾಲದ ರಾತ್ರಿ, ಊರೆಲ್ಲ ಕತ್ತಲಲ್ಲಿ ಕುಳಿತು ಫೋನಿನ ಮೇಲೆ ಫೋನು ಮಾಡುತ್ತಿರುವಾಗ, ಒಬ್ಬ ಮನುಷ್ಯನ ಎಚ್ಚರಿಕೆಯೊಂದನ್ನೇ ನಂಬಿ ಕೂರುವುದು ನ್ಯಾಯವಲ್ಲ.

"ನನ್ನ ಸಣ್ಣ ಇನ್ವರ್ಟರ್ ಊರಿಗೆಲ್ಲ ಕರೆಂಟು ಕೊಡಲು ಸಾಧ್ಯವೇ? ಭಾರ ತಾಳದೆ ತಾನೇ ಬೀಳುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಬಹುಮಟ್ಟಿಗೆ ನಿಜ. ಇಡೀ ಊರು ಅದರ ಮೇಲೆ ಬಿದ್ದರೆ ಅದು ಕ್ಷಣದಲ್ಲಿ ಟ್ರಿಪ್ ಆಗುತ್ತದೆ. ಆದರೆ ತೆಂಗಿನ ಗರಿ ಬಿದ್ದು ನಿಮ್ಮ ಮನೆಯ ಕಡೆಯ ಎರಡು ಕಂಬದ ತಂತಿ ಮಾತ್ರ ತುಂಡಾಯಿತೆನ್ನಿ. ಆಗ ಆ ತುಂಡಿನ ಮೇಲೆ ಭಾರವೇ ಇಲ್ಲ. ಸಣ್ಣ ಇನ್ವರ್ಟರೂ ಅದನ್ನು ನಿರಾಯಾಸವಾಗಿ ಜೀವಂತ ಇಟ್ಟಿರುತ್ತದೆ. ನೆಲಕ್ಕೆ ಬಿದ್ದ ಆ ತಂತಿಯನ್ನು ಮೊದಲು ತುಳಿಯುವವನು ಲೈನ್‌ಮನ್ನೇ ಆಗಬೇಕಾಗಿಲ್ಲ. ನಿಮ್ಮ ಎಮ್ಮೆಯಾಗಬಹುದು, ಶಾಲೆಗೆ ಹೊರಟ ಮಗುವಾಗಬಹುದು.

ಈ ಕಾರಣಕ್ಕಾಗಿಯೇ ಕೇಂದ್ರ ವಿದ್ಯುತ್ ಪ್ರಾಧಿಕಾರ 2013ರಲ್ಲಿ ನಿಯಮ ಮಾಡಿತು. 2019ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ಲೈನು ಸತ್ತು ತಾನೊಂದೇ ಉಳಿದರೆ ಯಂತ್ರ 2 ಸೆಕೆಂಡಿನೊಳಗೆ ಕಳಚಿಕೊಳ್ಳಬೇಕು. ವೋಲ್ಟೇಜು ಗೊತ್ತಾದ ಮಟ್ಟದ ಶೇಕಡಾ 80ಕ್ಕಿಂತ ಕೆಳಗಿಳಿದರೂ, ಶೇಕಡಾ 110ಕ್ಕಿಂತ ಮೇಲೇರಿದರೂ 2 ಸೆಕೆಂಡಿನಲ್ಲಿ ಬಿಡಬೇಕು. ಆವರ್ತನ 47.5 ಹರ್ಟ್ಸಿನಿಂದ 50.5 ಹರ್ಟ್ಸಿನ ಆಚೆ ಹೋದರೆ 0.2 ಸೆಕೆಂಡಿನಲ್ಲಿ ಬಿಡಬೇಕು. ಎಲ್ಲ ಸರಿಹೋದ ಮೇಲೆಯೂ ಒಂದು ನಿಮಿಷ ಕಾದು ನೋಡಿಯೇ ಮತ್ತೆ ಸೇರಿಕೊಳ್ಳಬೇಕು.

ಈ ಅಂಕಿಗಳು ಕಚೇರಿಯಲ್ಲಿ ಕುಳಿತವರ ಹುಚ್ಚಾಟವೆಂದು ತಿಳಿಯಬೇಡಿ. ಜರ್ಮನಿಯಲ್ಲಿ ಹಿಂದೆ ಎಲ್ಲ ಸೌರ ಇನ್ವರ್ಟರುಗಳೂ 50.2 ಹರ್ಟ್ಸಿಗೆ ಒಟ್ಟಿಗೇ ಕಳಚಿಕೊಳ್ಳುವಂತೆ ನಿಯಮವಿತ್ತು. ಸಂಖ್ಯೆ ಬೆಳೆದಾಗ, ಒಂದು ಸಣ್ಣ ಏರುಪೇರಿಗೆ ಲಕ್ಷಾಂತರ ಯಂತ್ರಗಳು ಒಮ್ಮೆಗೇ ಬಿಟ್ಟುಬಿಟ್ಟರೆ ದೇಶವೇ ಕತ್ತಲಾದೀತೆಂದು ಅವರು ಹೆದರಿದರು. 2012ರಲ್ಲಿ ಕಾನೂನು ಮಾಡಿ, ಮೂರು ಲಕ್ಷಕ್ಕೂ ಹೆಚ್ಚು ಸ್ಥಾವರಗಳ ಅಳತೆಗಳನ್ನು ಮತ್ತೆ ಹೋಗಿ ಬದಲಾಯಿಸಬೇಕಾಯಿತು. ನಮ್ಮ ದಕ್ಷಿಣದ ಜಾಲವೂ 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ಇಡೀ ದೇಶದ ಜಾಲಕ್ಕೆ ಸೇರಿಕೊಂಡಿದೆ. ನಿಮ್ಮ ಜಗಲಿಯ ಯಂತ್ರವೂ ಈಗ ಆ ಜಾಲದ ಒಂದು ಎಳೆ.

ವೋಲ್ಟೇಜ್ ಇಳಿದರೆ ತಪ್ಪು ಯಾರದು?

ಹಳ್ಳಿಯ ಮಟ್ಟದಲ್ಲಿ ನಿಯಮಕ್ಕೂ ವಾಸ್ತವಕ್ಕೂ ಮೊದಲ ಘರ್ಷಣೆ ಆಗುವುದು ವೋಲ್ಟೇಜಿನಲ್ಲಿ. 230 ವೋಲ್ಟಿನ ಶೇಕಡಾ 80 ಎಂದರೆ 184. ಲೈನಿನ ತುದಿಯಲ್ಲಿರುವ ಮನೆಗಳಲ್ಲಿ, ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ, ಮೀಟರಿನ ಬಳಿ 170 ವೋಲ್ಟ್ ಕಾಣುವುದು ಅಪರೂಪವೇನಲ್ಲ. ನಿಯಮ ಪಾಲಿಸುವ ಇನ್ವರ್ಟರ್ ಆಗ ಕಳಚಿಕೊಳ್ಳುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಯೂನಿಟ್ಟು ನಷ್ಟ. ಟಿ.ಸಿ. ಹತ್ತಿರದ ಮನೆಯವರಿಗೆ ಇದರ ವಿರುದ್ಧದ ಕಷ್ಟ: ಮಧ್ಯಾಹ್ನ ಬಳಕೆ ಕಡಿಮೆಯಿದ್ದು ನಾಲ್ಕಾರು ತಾರಸಿಗಳಿಂದ ಕರೆಂಟು ಹರಿದರೆ ವೋಲ್ಟೇಜು 253 ದಾಟುತ್ತದೆ, ಆಗಲೂ ಯಂತ್ರ ಬಿಡುತ್ತದೆ.

ರೈತ ಮಾರಿದವನನ್ನು ಕರೆಯುತ್ತಾನೆ. ಮಾರಿದವನು ಬಂದು ಗುಂಡಿ ಒತ್ತಿ ಮಿತಿಗಳನ್ನು ಅಗಲ ಮಾಡಿಯೋ, ಯಾವುದೋ ಪರದೇಶದ ಅಳತೆಯನ್ನು ಆರಿಸಿಯೋ ಹೋಗುತ್ತಾನೆ. ಯಂತ್ರ ಓಡತೊಡಗುತ್ತದೆ, ರೈತನಿಗೆ ಸಮಾಧಾನ. ಆದರೆ ಆ ಗಳಿಗೆಯಿಂದ ಅದು ನಿಯಮಬಾಹಿರ ಯಂತ್ರ. ನಾಳೆ ಅನಾಹುತವಾದರೆ ಉತ್ತರ ಹೇಳಬೇಕಾದವನು ಆರ್.ಆರ್. ನಂಬರಿನ ಯಜಮಾನ, ಗುಂಡಿ ಒತ್ತಿದವನಲ್ಲ.

ಹಾಗಾದರೆ ದಾರಿಯೇನು? ಮನೆಗಳಿಗೆ ಕೊಡುವ ವೋಲ್ಟೇಜು ಹೆಚ್ಚುಕಡಿಮೆ ಶೇಕಡಾ 6ರೊಳಗೆ ಇರಬೇಕೆಂಬುದು 1956ರ ವಿದ್ಯುತ್ ನಿಯಮಾವಳಿಯ ಕಾಲದಿಂದ ಬಂದ ಮಾತು. ಇನ್ವರ್ಟರಿಗೆ ಶೇಕಡಾ 20ರವರೆಗೆ ಇಳಿತ ತಾಳುವ ಸಹನೆಯಿದೆ. ಅಷ್ಟು ಸಹನೆಯ ಯಂತ್ರವೂ ಕಳಚಿಕೊಂಡಿತೆಂದರೆ ಕೆಟ್ಟಿರುವುದು ಯಂತ್ರವಲ್ಲ, ಲೈನು. ಇನ್ನೂ ಒಂದು ಅನುಕೂಲವಿದೆ: ಈಗಿನ ಯಂತ್ರಗಳು ಯಾವ ದಿನ, ಎಷ್ಟು ಹೊತ್ತಿಗೆ, ಏತಕ್ಕಾಗಿ ಬಿಟ್ಟೆವೆಂಬ ಲೆಕ್ಕವನ್ನು ತಮ್ಮಲ್ಲಿಯೇ ಬರೆದಿಟ್ಟುಕೊಳ್ಳುತ್ತವೆ. ಮೊಬೈಲಿನಲ್ಲಿ ಅದನ್ನು ನೋಡಬಹುದು. ಆ ಪಟ್ಟಿಯನ್ನು ತೆಗೆದು, ಅರ್ಜಿಯೊಡನೆ ಸೆಕ್ಷನ್ ಆಫೀಸಿಗೆ ಕೊಟ್ಟು, ಸ್ವೀಕೃತಿ ಪಡೆಯಿರಿ. "ವೋಲ್ಟೇಜು ಕಡಿಮೆ ಸ್ವಾಮೀ" ಎಂದು ಬಾಯಿಮಾತಿನಲ್ಲಿ ಗೋಗರೆಯುತ್ತಿದ್ದ ರೈತನ ಕೈಗೆ ಮೊದಲ ಬಾರಿಗೆ ಸಾಕ್ಷಿ ಬಂದಿದೆ. ಮಿತಿ ಬದಲಾಯಿಸಿದರೆ ಆ ಸಾಕ್ಷಿಯೂ ಅಳಿಸಿಹೋಗುತ್ತದೆ.

ತೋಟದ ಮನೆಯ ಪಾಡು

ಊರೊಳಗಿನ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಫೀಡರ್ ಬೇರೆ ಮಾಡಿದ ನಿರಂತರ ಜ್ಯೋತಿ ಯೋಜನೆಯಿಂದ ಊರಿಗೆ ಉಪಕಾರವಾದದ್ದು ಸತ್ಯ. ಆದರೆ ಹೊಲದಲ್ಲಿ ಮನೆ ಕಟ್ಟಿಕೊಂಡವರು ಅನೇಕ ಕಡೆ ಪಂಪ್‌ಸೆಟ್ಟಿನ ಫೀಡರಿನಲ್ಲಿಯೇ ಉಳಿದರು. ಅಲ್ಲಿ ತ್ರೀ ಫೇಸ್ ದಿನಕ್ಕೆ ಏಳು ಗಂಟೆಯ ಮಾತು, ಅದೂ ಹಗಲು ಸ್ವಲ್ಪ, ರಾತ್ರಿ ಸ್ವಲ್ಪ; ಉಳಿದ ಹೊತ್ತು ಸಿಂಗಲ್ ಫೇಸ್ ಅಥವಾ ಕತ್ತಲು.

ಇಂಥ ಮನೆಗೆ ಬ್ಯಾಟರಿಯಿಲ್ಲದ ಲೈನ್ ಜೋಡಣೆಯ ಯಂತ್ರ ಮಾರುವುದೆಂದರೆ ಬಾವಿಯಿಲ್ಲದ ಹೊಲಕ್ಕೆ ಪಂಪು ಮಾರಿದ ಹಾಗೆ. 3 ಕಿಲೋವ್ಯಾಟಿನ ಫಲಕ ಒಳ್ಳೆಯ ದಿನದಲ್ಲಿ ಸುಮಾರು 12 ಯೂನಿಟ್ ಕೊಡಬಲ್ಲದು. ಹಗಲಿನಲ್ಲಿ ಮೂರು ನಾಲ್ಕು ಗಂಟೆ ಮಾತ್ರ ಲೈನು ಜೀವಂತವಿದ್ದರೆ ಅದರಲ್ಲಿ ಅರ್ಧಕ್ಕೂ ಹೆಚ್ಚು ಕೈತಪ್ಪಬಹುದು. ಇವರಿಗೆ ಹೈಬ್ರಿಡ್ ಒಂದು ಭೋಗವಲ್ಲ. ಅದಿಲ್ಲದೆ ಸೌರ ಫಲಕವೇ ದಂಡ. ಬೆಳಗಿನ ಜಾವ ಹಾಲು ಕರೆಯುವ ಯಂತ್ರ ಓಡಿಸಬೇಕಾದವರು, ಸಂಜೆ ಮಕ್ಕಳ ಓದಿಗೆ ದೀಪ ಬೇಕಾದವರು, ಆನೆ ಚಿರತೆ ಕಾಟದ ಕಾಡಂಚಿನವರು: ಇವರಿಗೆ ಕರೆಂಟು ಹೋದಾಗ ಉಳಿಯುವ ಬೆಳಕೇ ಮುಖ್ಯ, ಲೈನಿಗೆ ಮಾರುವ ಯೂನಿಟ್ಟಲ್ಲ. ಯೋಜನೆಗಳನ್ನು ರೂಪಿಸುವವರು ಇವರನ್ನು ಕಣ್ಣೆದುರಿಗೆ ಇಟ್ಟುಕೊಂಡಂತೆ ಕಾಣುವುದಿಲ್ಲ.

ಕಾಗದದಲ್ಲಿ ಒಂದು, ಪೆಟ್ಟಿಗೆಯಲ್ಲಿ ಇನ್ನೊಂದು

ಇನ್ನು ಪ್ರಮಾಣಪತ್ರಗಳ ವಿಚಾರ. ಇಲ್ಲಿ ಎರಡು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. ಐ.ಎಸ್. 16221 ಎಂಬುದು ಯಂತ್ರ ಮುಟ್ಟಿದವರಿಗೆ ಅಪಾಯ ಮಾಡದು ಎಂಬ ಸುರಕ್ಷತೆಯ ಮಾನಕ. ಐ.ಎಸ್. 16169 ಎಂಬುದು ಲೈನು ಸತ್ತಾಗ ಯಂತ್ರ ಕಳಚಿಕೊಳ್ಳುತ್ತದೆಯೇ ಎಂದು ಪರೀಕ್ಷಿಸುವ ಮಾನಕ. ಲೈನಿಗೆ ಜೋಡಿಸುವ ಯಂತ್ರಕ್ಕೆ ಎರಡೂ ಬೇಕು.

ಮಾರುಕಟ್ಟೆಯಲ್ಲಿ "ಹೈಬ್ರಿಡ್" ಎಂಬ ಹೆಸರಿನಲ್ಲಿ ಸಿಗುವುದೆಲ್ಲ ಈ ಎರಡನ್ನೂ ಪಾಸು ಮಾಡಿದ್ದಲ್ಲ. ಕೆಲವು ನಿಜವಾಗಿ ಸೌರ ಫಲಕ ಸೇರಿಸಿದ ದೊಡ್ಡ ಯು.ಪಿ.ಎಸ್. ಅಷ್ಟೆ. ಮೊದಲ ಸಂಖ್ಯೆಯ ಕಾಗದ ತೋರಿಸಿ, "ಸರ್ಕಾರದ ಸರ್ಟಿಫಿಕೇಟ್ ಇದೆ ನೋಡಿ ಯಜಮಾನರೇ" ಎಂದು ಅಂಗಡಿಯವನು ಹೇಳಿದರೆ ಅದು ಸುಳ್ಳಲ್ಲ. ಪೂರ್ತಿ ಸತ್ಯವೂ ಅಲ್ಲ. ಅಂಥ ಯಂತ್ರವನ್ನು ಲೈನಿನಿಂದ ಬೇರೆಯಾಗಿ ಓಡಿಸಿಕೊಳ್ಳಬಹುದು. ಲೈನಿಗೆ ಸೇರಿಸಲು ಅನುಮತಿ ಕೇಳಿದರೆ ಅರ್ಜಿ ಹಿಂದಕ್ಕೆ ಬರುತ್ತದೆ. ಬಂದ ಮೇಲೆ ಅಂಗಡಿಯವನು ಯಂತ್ರ ವಾಪಸು ತೆಗೆದುಕೊಳ್ಳುವನೇ?

ಎರಡನೆಯ ತೊಡಕು, ಮೊದಲು ಬ್ಯಾಟರಿಯಿಲ್ಲದ ಯಂತ್ರ ಹಾಕಿಸಿ, ಒಪ್ಪಂದ ಮಾಡಿಕೊಂಡು, ಎರಡು ವರ್ಷದ ಮೇಲೆ ಹೈಬ್ರಿಡ್ ಮಾಡಿಸಿಕೊಳ್ಳುವವರದು. ಪೆಟ್ಟಿಗೆ ಬದಲಾದರೆ ಒಪ್ಪಂದದಲ್ಲಿರುವ ಮಾಡಲು, ಕ್ರಮಸಂಖ್ಯೆ ಎರಡೂ ಬದಲಾದಂತೆ. ತಿಳಿಸದೆ ಬದಲಾಯಿಸಿದರೆ ತಪಾಸಣೆಯ ದಿನ ಕಾಗದಕ್ಕೂ ಗೋಡೆಗೂ ತಾಳೆಯಾಗುವುದಿಲ್ಲ. ಮೂರನೆಯದು, 3 ಕಿಲೋವ್ಯಾಟಿನ ಫಲಕಕ್ಕೆ 5 ಕಿಲೋವ್ಯಾಟಿನ ಹೈಬ್ರಿಡ್ ಹಾಕಿಸಿದರೆ ಲೆಕ್ಕಕ್ಕೆ ಯಾವುದು ಎಂಬ ಪ್ರಶ್ನೆ. ಯಂತ್ರ ಕೊಳ್ಳುವ ಮುನ್ನವೇ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿ, 10 ಕಿಲೋವ್ಯಾಟ್‌ವರೆಗಿನ ತಾರಸಿ ಸೌರ ಘಟಕದ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಡವೆಂದಿತು. 5 ಕಿಲೋವ್ಯಾಟ್‌ವರೆಗೆ ಲೈನು ಬಲಪಡಿಸುವ ಖರ್ಚು ಕಂಪನಿಯದೇ ಎಂದಿತು. ಒಳ್ಳೆಯ ನಿಯಮ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಬ್ಯಾಟರಿಯ ಮಾತು ಬಂದೊಡನೆ ಈ ಸರಾಗ ಮಾಯವಾಗಬಾರದು.

ಹಿಂಬಾಗಿಲಿನ ಜೋಡಣೆ

ಅನುಮತಿಯ ಗೊಡವೆಯೇ ಬೇಡವೆನ್ನುವವರಿಗೆ ಮಾರಾಟಗಾರರು ಇನ್ನೊಂದು ಉಪಾಯ ಹೇಳುತ್ತಾರೆ. ಮೇನ್ ವೈರಿಗೆ ಒಂದು ಸಿ.ಟಿ. ಉಂಗುರ ತೊಡಿಸಿದರೆ ಯಂತ್ರ ಲೈನಿಗೆ ಯೂನಿಟ್ ಕಳಿಸುವುದೇ ಇಲ್ಲ, ಹೀಗಾಗಿ ಯಾರಿಗೂ ಹೇಳಬೇಕಾಗಿಲ್ಲ ಎಂದು. ಇದು ತಪ್ಪು ಸಲಹೆ. ಯೂನಿಟ್ ಹೊರಕ್ಕೆ ಹೋಗಲಿ ಬಿಡಲಿ, ಲೈನಿನೊಡನೆ ಸೇರಿ ಓಡುವ ಯಂತ್ರವೆಂದ ಮೇಲೆ ಕಂಪನಿಗೆ ಗೊತ್ತಿರಲೇಬೇಕು.

ಅಲ್ಲದೆ ಇದರಲ್ಲಿ ನಿಮ್ಮ ಜೇಬಿಗೇ ಕತ್ತರಿ ಬೀಳುವ ಸಂಭವವಿದೆ. ಉಂಗುರವನ್ನು ತಿರುವುಮುರುವಾಗಿ ತೊಡಿಸಿದರೆ ಒಳಕ್ಕೆ ಬರುವುದು ಯಂತ್ರಕ್ಕೆ ಹೊರಕ್ಕೆ ಹೋಗುವುದಾಗಿ ಕಾಣುತ್ತದೆ. ಹೊರಕ್ಕೆ ಹೋಗುವುದನ್ನು ಅದು ತಡೆಯುವುದಿಲ್ಲ. ಮನೆಗಳಿಗೆ ಹಾಕಿರುವ ಸಾಧಾರಣ ಮೀಟರುಗಳಲ್ಲಿ ಹಲವು ಹೊರಹೋದ ಯೂನಿಟ್ಟನ್ನೂ ಬಳಕೆಯೆಂದೇ ಕೂಡಿಸಿಕೊಳ್ಳುತ್ತವೆ. ಎರಡೂ ಕಡೆಯ ಲೆಕ್ಕವನ್ನು ಬೇರೆ ಬೇರೆ ಇಡುವ ಮೀಟರು ಬರುವುದು ಅನುಮತಿಯ ನಂತರ ಮಾತ್ರ. ಗೃಹಜ್ಯೋತಿಯ ಫಲಾನುಭವಿಯಾಗಿದ್ದು, ಹೀಗೆ ಮೀಟರು 200 ಯೂನಿಟ್ ದಾಟಿತೆಂದರೆ ಆ ತಿಂಗಳ ಬಿಲ್ಲು ಪೂರ್ತಿ ಕಟ್ಟಬೇಕು. ನಿಮ್ಮ ತಾರಸಿಯ ಬಿಸಿಲಿಗೆ ನೀವೇ ಹಣ ಕೊಟ್ಟಂತಾಯಿತು.

ಇದಕ್ಕಿಂತ ಕೆಟ್ಟದ್ದು, ಜನರೇಟರನ್ನೋ ಇನ್ವರ್ಟರನ್ನೋ ಎರಡು ಕಡೆ ಪಿನ್ನಿರುವ ತಂತಿಯಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಮನೆಯೆಲ್ಲ ಹಚ್ಚುವ ಅಭ್ಯಾಸ. ಮೇನ್ ಸ್ವಿಚ್ ತೆಗೆಯುವುದನ್ನು ಒಂದೇ ಒಂದು ದಿನ ಮರೆತರೆ ಕರೆಂಟು ನೇರವಾಗಿ ಕಂಬಕ್ಕೆ. ಈ ಕೆಲಸಕ್ಕೆ ಚೇಂಜ್ ಓವರ್ ಸ್ವಿಚ್ ಎಂಬುದಿದೆ. ಮರೆವಿಗೆ ಅವಕಾಶವೇ ಇಲ್ಲದ ಸಾಧನ ಅದು. ಅದಕ್ಕೆ ಹಣ ಉಳಿಸಬೇಡಿ.

ನ್ಯೂಟ್ರಲ್ ಮತ್ತು ಅರ್ಥ್

ನಮ್ಮ ಹಳ್ಳಿಗಳ ವೈರ್‌ಮನ್ನರು ಅನುಭವಸ್ಥರು. ಆದರೆ ಅವರ ಅನುಭವ ಯು.ಪಿ.ಎಸ್. ಕಾಲದ್ದು. ಅದರಲ್ಲಿ ಫೇಸನ್ನು ಮಾತ್ರ ಬೇರೆ ಮಾಡಿ, ನ್ಯೂಟ್ರಲ್ಲನ್ನು ಇಡೀ ಮನೆಗೆ ಒಂದೇ ಇಡುವುದು ರೂಢಿ. ಹೈಬ್ರಿಡ್‌ನಲ್ಲಿ ಹಾಗಲ್ಲ. ಕರೆಂಟು ಹೋದಾಗ ಅದು ಫೇಸು, ನ್ಯೂಟ್ರಲ್ ಎರಡನ್ನೂ ಲೈನಿನಿಂದ ಕಳಚುತ್ತದೆ. ಬ್ಯಾಟರಿಯ ಕಡೆಯ ನ್ಯೂಟ್ರಲ್ಲನ್ನು ಲೈನಿನ ನ್ಯೂಟ್ರಲ್ಲಿಗೆ ಕೂಡಿಸಿಬಿಟ್ಟರೆ ಆ ಕಳಚುವಿಕೆಗೆ ಅರ್ಥವೇ ಉಳಿಯುವುದಿಲ್ಲ. ಯಂತ್ರ ಪದೇ ಪದೇ ದೋಷ ತೋರಿಸಿ ನಿಲ್ಲುವುದೂ ಉಂಟು. ಬ್ಯಾಟರಿಯಿಂದ ಓಡಬೇಕಾದ ದೀಪ, ಫ್ಯಾನು, ಫ್ರಿಜ್ಜು ಇವುಗಳ ಫೇಸೂ ನ್ಯೂಟ್ರಲ್ಲೂ ಎರಡೂ ಬೇರೆ ಬೋರ್ಡಿಗೆ ಹೋಗಬೇಕು.

ಇನ್ನೊಂದು ಸೂಕ್ಷ್ಮ ವಿಚಾರ. ಲೈನಿನಿಂದ ಬೇರಾದ ಮೇಲೆ ನ್ಯೂಟ್ರಲ್ಲಿಗೆ ನೆಲದ ಸಂಪರ್ಕವಿರುವುದಿಲ್ಲ. ಆಗ ಶಾಕ್ ಹೊಡೆದರೆ ಕಳಚಬೇಕಾದ ಆರ್.ಸಿ.ಸಿ.ಬಿ. ಸುಮ್ಮನಿರಬಹುದು. ಬ್ಯಾಟರಿಯಲ್ಲಿ ಓಡುವಾಗ ನ್ಯೂಟ್ರಲ್ಲನ್ನು ಅರ್ಥಿಗೆ ತಾನೇ ಜೋಡಿಸಿ, ಲೈನು ಬಂದಾಗ ಬಿಡುವ ಏರ್ಪಾಡು ಒಳ್ಳೆಯ ಯಂತ್ರಗಳಲ್ಲಿರುತ್ತದೆ. ಅದು ನಿಮ್ಮದರಲ್ಲಿದೆಯೇ ಎಂದು ಕೇಳಿ. ಕೊಟ್ಟಿಗೆಯ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಕೆಲಸ ಮಾಡುವ ಹೆಂಗಸರಿಗೆ ಇದು ಜೀವದ ಪ್ರಶ್ನೆ. ಅರ್ಥಿನ ಗುಂಡಿ ಒಣಗದಂತೆ ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಹಾಕುವುದನ್ನೂ ಮರೆಯಬೇಡಿ.

ಕೊಳ್ಳುವ ಮುನ್ನ ಕೇಳಬೇಕಾದ್ದು

ಮುಂಗಡ ಕೊಡುವ ಮೊದಲು ಈ ಪ್ರಶ್ನೆಗಳಿಗೆ ಮಾರಾಟಗಾರನಿಂದ ಕೊಟೇಷನ್ನಿನ ಮೇಲೆಯೇ ಉತ್ತರ ಬರೆಸಿಕೊಳ್ಳಿ:

1. ಕರೆಂಟು ಹೋದಾಗ ಈ ಯಂತ್ರ ಮನೆಗೆ ಕರೆಂಟು ಕೊಡುತ್ತದೆಯೇ? ಯಾವ ಯಾವ ಉಪಕರಣಕ್ಕೆ, ಎಷ್ಟು ಹೊತ್ತು?

2. ಇದೇ ಮಾಡಲಿಗೆ ಐ.ಎಸ್. 16221 ಮತ್ತು ಐ.ಎಸ್. 16169 ಎರಡರ ಪ್ರಮಾಣಪತ್ರವಿದೆಯೇ? ಕಾಗದದ ಮೇಲಿನ ಮಾಡಲು ಸಂಖ್ಯೆ ಪೆಟ್ಟಿಗೆಯ ಮೇಲಿನದಕ್ಕೆ ಅಕ್ಷರಶಃ ಹೊಂದುತ್ತದೆಯೇ?

3. ಯಂತ್ರದಲ್ಲಿ ಭಾರತದ ಅಳತೆಗಳನ್ನೇ ಇಟ್ಟುಕೊಡುತ್ತೀರಾ? ಆ ಪರದೆಯ ಫೋಟೋ ತೆಗೆದು ಕೊಡುತ್ತೀರಾ?

4. ಬ್ಯಾಟರಿಯನ್ನು ಈಗ ಬೇಡವೆಂದು ಮುಂದೆ ಸೇರಿಸಿದರೆ ಇದೇ ಯಂತ್ರ ಸಾಕೇ, ಬದಲಾಯಿಸಬೇಕೇ?

5. ಅರ್ಜಿ ತಿರಸ್ಕಾರವಾದರೆ ಹಣ ವಾಪಸೇ?

ಬ್ಯಾಟರಿಯ ಅಂದಾಜಿಗೆ ಒಂದು ಲೆಕ್ಕ: 12 ವೋಲ್ಟಿನ 150 ಎ.ಎಚ್. ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್, ಬಾಳಿಕೆ ಬೇಕಾದರೆ ಅದರಲ್ಲಿ ಅರ್ಧದಷ್ಟನ್ನೇ ಬಳಸಬೇಕು. 48 ವೋಲ್ಟಿನ 100 ಎ.ಎಚ್. ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 5 ಯೂನಿಟ್. ಬಹುಭಾಗ ಬಳಕೆಗೆ ಸಿಗುತ್ತದೆ. ಹಾಲು ಕರೆಯುವ ಯಂತ್ರದ 1 ಎಚ್.ಪಿ. ಮೋಟಾರು ಓಡುವಾಗ ಮುಕ್ಕಾಲು ಕಿಲೋವ್ಯಾಟ್ ಎಳೆದರೂ ಶುರುವಾಗುವಾಗ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಇನ್ವರ್ಟರ್ ಅದನ್ನು ತಾಳಬೇಕು. ಕೊಳವೆ ಬಾವಿಯ ಪಂಪನ್ನು ಮನೆಯ ಬ್ಯಾಟರಿಯಿಂದ ಓಡಿಸುವ ಆಸೆ ಬೇಡ.

ಕಂಪನಿಗಳು ಮಾಡಬೇಕಾದ್ದು

ರೈತನಿಗೆ ಬುದ್ಧಿ ಹೇಳಿ ಮುಗಿಸಿದರೆ ಅರ್ಧ ಕೆಲಸವಾಯಿತು. ಉಳಿದರ್ಧ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಈ ಐದು ಕಂಪನಿಗಳದು ಮತ್ತು ಅವುಗಳ ಮೇಲಿರುವ ವಿದ್ಯುತ್ ನಿಯಂತ್ರಣ ಆಯೋಗದ್ದು.

ಬ್ರಿಟನ್ನಿನಲ್ಲಿ ಒಂದು ಪದ್ಧತಿಯಿದೆ. ಫೇಸಿಗೆ 16 ಆಂಪಿಯರ್ ಮೀರದ ಯಂತ್ರವಾದರೆ, ಅದು ಪರೀಕ್ಷೆಯಾದ ಮಾಡಲುಗಳ ಬಹಿರಂಗ ಪಟ್ಟಿಯಲ್ಲಿದ್ದರೆ, ಹಾಕಿಸಿದ 28 ದಿನದೊಳಗೆ ಕಂಪನಿಗೆ ತಿಳಿಸಿದರೆ ಮುಗಿಯಿತು. ಬ್ಯಾಟರಿಯ ಇನ್ವರ್ಟರಿಗೂ ಇದೇ ಕ್ರಮ. ಅಲ್ಲಿಯದೆಲ್ಲ ಇಲ್ಲಿಗೆ ಒಗ್ಗುತ್ತದೆಂದು ನಾನು ಹೇಳುವುದಿಲ್ಲ. ಅವರ ಲೈನು ಬೇರೆ, ನಮ್ಮ ಲೈನು ಬೇರೆ. ಆದರೆ ಪಟ್ಟಿ ಮಾಡುವುದಕ್ಕೆ ಲೈನು ಅಡ್ಡಿಯಾಗುವುದಿಲ್ಲ. ಎರಡೂ ಮಾನಕ ಪಾಸಾದ ಹೈಬ್ರಿಡ್ ಮಾಡಲುಗಳ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಸೆಕ್ಷನ್ ಆಫೀಸಿನ ಗೋಡೆಗೆ ಅಂಟಿಸಲಿ. ಅಂಗಡಿಗೆ ಹೋಗುವ ಮುನ್ನ ರೈತ ಅದನ್ನು ಓದಿಕೊಳ್ಳುತ್ತಾನೆ.

ಎರಡನೆಯದಾಗಿ, ಬ್ಯಾಟರಿ ಸೇರಿಸುವುದಕ್ಕೆ ಮತ್ತು ಇನ್ವರ್ಟರ್ ಬದಲಾಯಿಸುವುದಕ್ಕೆ ಒಂದು ಪುಟದ ಒಂದೇ ಅರ್ಜಿ ಇರಲಿ. ಇಷ್ಟು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದೇ ತಿಳಿಯತಕ್ಕದ್ದು ಎಂದಿರಲಿ. ಮೂರನೆಯದಾಗಿ, ಈಗಾಗಲೇ ತಿಳಿಯದೆ ಹಾಕಿಸಿಕೊಂಡವರು ದಂಡದ ಭಯವಿಲ್ಲದೆ ಬಂದು ಹೇಳಿಕೊಳ್ಳಲು ಕೆಲವು ತಿಂಗಳ ಅವಕಾಶ ಕೊಡಲಿ. ಬೆದರಿಸಿದರೆ ಯಂತ್ರಗಳು ಅಟ್ಟ ಸೇರುತ್ತವೆಯೇ ಹೊರತು ಕಳಚಿಕೊಳ್ಳುವುದಿಲ್ಲ. ಎಲ್ಲಿ ಎಷ್ಟು ಬ್ಯಾಟರಿ ಇದೆಯೆಂಬುದು ಕಂಪನಿಗೆ ಗೊತ್ತಿರುವುದೇ ಲೈನ್‌ಮನ್‌ಗೆ ಮೊದಲ ರಕ್ಷಣೆ. ನಾಲ್ಕನೆಯದಾಗಿ, ಪ್ರತಿ ತಾಲ್ಲೂಕಿನಲ್ಲಿ ವೈರ್‌ಮನ್ನರಿಗೆ ಎರಡು ದಿನದ ತರಬೇತಿ ನಡೆಯಲಿ. ಊರೆಲ್ಲ ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕುವ ಸಂಪ್ರದಾಯ ಈ ವಿಷಯದಲ್ಲಾದರೂ ಬೇಡ.

ಅನುಮತಿ ಪಡೆದು ಹಾಕಿಸಿದವರಿಗೆ ತೊಂದರೆಯಾದರೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಪ್ರತಿ ಕಂಪನಿಯಲ್ಲಿಯೂ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯಿದೆ. ಬರಹದಲ್ಲಿ ದೂರು ಕೊಡಿ. ಐದಾರು ಮನೆಯವರು ಸೇರಿ ಕೊಟ್ಟರೆ ತೂಕ ಹೆಚ್ಚು.

ಕಂಬ ಹತ್ತುವ ಲೈನ್‌ಮನ್ ಪರದೇಶದವನಲ್ಲ. ಹೆಚ್ಚಿನಂಶ ಪಕ್ಕದ ಊರಿನ ರೈತನ ಮಗ. ಅವನ ಜೀವಕ್ಕೆ ಅಪಾಯವಾಗದಂತೆ ಬೆಳಕು ಮಾಡಿಕೊಳ್ಳುವ ಯಂತ್ರ ಇಂದು ಅಂಗಡಿಯಲ್ಲಿದೆ. ಅದನ್ನು ಆರಿಸುವ ಜವಾಬ್ದಾರಿ ನಮ್ಮದು. ಆರಿಸಿದವನನ್ನು ಅಲೆಸದಿರುವ ಜವಾಬ್ದಾರಿ ಕಂಪನಿಗಳದು.